ಮಡಚುವ ಚಾಕು ಎಲ್ಲಿ ಸೋಲುತ್ತೆ? ಜಿಗಣಿಯ ಕೆಲಸದಿಂದ ಒಂದು ಮೆಕ್ಯಾನಿಕ್ಸ್ ಪಾಠ

ಆನೇಕಲ್ ತಾಲ್ಲೂಕಿನ ಜಿಗಣಿ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಗ್ರಾನೈಟ್ ಕಾರ್ಖಾನೆಗಳು. ಕಲ್ಲು ಕೊಯ್ಯುವ ದೊಡ್ಡ ಯಂತ್ರಗಳ ಬಗ್ಗೆ ಎಲ್ಲರೂ ಮಾತಾಡ್ತಾರೆ. ಪ್ಯಾಕಿಂಗ್ ಮಾಡುವವರ, ಲೋಡಿಂಗ್‌ನವರ, ಎಲೆಕ್ಟ್ರಿಷಿಯನ್‌ಗಳ ಜೇಬಲ್ಲಿರೋ ಮಡಚುವ ಚಾಕು ಬಗ್ಗೆ ಯಾರೂ ಮಾತಾಡಲ್ಲ. ಹಗ್ಗ, ಪ್ಲಾಸ್ಟಿಕ್ ಪಟ್ಟಿ, ಟಾರ್ಪಾಲಿನ್, ಕೇಬಲ್ ಮೇಲಿನ ಪಿವಿಸಿ ಕೊಯ್ಯೋದು ಅದರ ಕೆಲಸ. ಅಷ್ಟಕ್ಕೇ ಬಳಸಿದರೆ ಚಾಕು ವರ್ಷಗಟ್ಟಲೆ ಬಾಳುತ್ತೆ. ಆದರೆ ಅವಸರದಲ್ಲಿ ಅದೇ ಚಾಕು ಸ್ಕ್ರೂಡ್ರೈವರ್ ಆಗುತ್ತೆ, ಹಾರೆ ಆಗುತ್ತೆ, ಸುತ್ತಿಗೆ ಏಟು ತಿನ್ನೋ ಉಳಿಯೂ ಆಗುತ್ತೆ. ಆಗ ಯಾವ ಭಾಗ ಮೊದಲು ಸೋಲುತ್ತೆ? ಉತ್ತರಕ್ಕೆ ನಾವು ಓದಿರುವ ಬೆಂಡಿಂಗ್ ಮೊಮೆಂಟ್ ಸಾಕು. ಲೆಕ್ಕ ಮಾಡೋಣ ಬನ್ನಿ.

ಮೊದಲನೆಯದು: ತುದಿ

ಮರದ ಪೆಟ್ಟಿಗೆಯ ಹಲಗೆ ಸಂದಿಗೆ ಚಾಕುವಿನ ತುದಿ ತೂರಿಸಿ ಪಕ್ಕಕ್ಕೆ ಮೀಟುತ್ತಿದ್ದೇವೆ ಅಂದ್ಕೊಳ್ಳಿ. ಸಿಕ್ಕಿಕೊಂಡ ಜಾಗದಿಂದ ಕೈಗೆ 120 ಮಿ.ಮೀ. ದೂರ. ಕೈ ಹಾಕುವ ಬಲ 70 ನ್ಯೂಟನ್, ಅಂದರೆ ಸುಮಾರು 7 ಕೆಜಿ ತೂಕದಷ್ಟು. ಮೊಮೆಂಟ್ = 70 × 120 = 8400 ನ್ಯೂಟನ್-ಮಿ.ಮೀ.

ತುದಿಯ ಹತ್ತಿರ ಅಲಗಿನ ಅಗಲ 8 ಮಿ.ಮೀ., ದಪ್ಪ 1.5 ಮಿ.ಮೀ. ಇರಲಿ. ಲೆಕ್ಕ ಸುಲಭವಾಗಲಿ ಅಂತ ಅಡ್ಡಕೊಯ್ತವನ್ನು ಆಯತ ಅಂತಲೇ ಹಿಡಿಯೋಣ. ಪಕ್ಕಕ್ಕೆ ಬಾಗುವಾಗ ಸೆಕ್ಷನ್ ಮಾಡ್ಯುಲಸ್ = 8 × 1.5 × 1.5 ÷ 6 = 3 ಘನ ಮಿ.ಮೀ. ಸ್ಟ್ರೆಸ್ = 8400 ÷ 3 = 2800 ಮೆಗಾಪಾಸ್ಕಲ್. ರಾಕ್‌ವೆಲ್ 58ರ ಆಸುಪಾಸು ಗಟ್ಟಿ ಮಾಡಿದ ಉಕ್ಕು ತಡೆಯೋದು ಹೆಚ್ಚುಕಡಿಮೆ 2000ದಿಂದ 2400. ಅಂದರೆ ತುದಿ ಮುರೀತು. ಅದಕ್ಕೆ ಪೈಲ್ವಾನ್ ಬೇಕಿಲ್ಲ, ಒಂದು ಕೈ ಸಾಕು.

ಅದೇ ಬಲ ಕೊಯ್ಯುವ ದಿಕ್ಕಿನಲ್ಲಿ ಬಿದ್ದರೆ? ಆಗ 1.5 × 8 × 8 ÷ 6 = 16 ಘನ ಮಿ.ಮೀ. ಸ್ಟ್ರೆಸ್ 525ಕ್ಕೆ ಇಳಿಯುತ್ತೆ. ಚಾಕು ಅದೇ, ಕೈ ಅದೇ, ದಿಕ್ಕು ಮಾತ್ರ ಬೇರೆ.

ಎರಡನೆಯದು: ಲಾಕ್

ತುದಿ ಮುರಿದರೆ ಚಾಕು ಹೋಯಿತು. ಲಾಕ್ ಸೋತರೆ ಬೆರಳೇ ಹೋಗಬಹುದು.

ಕೊಯ್ಯುವಾಗ ಬಲವು ಅಲಗನ್ನು ಇನ್ನೂ ತೆರೆಯುವ ಕಡೆ ತಳ್ಳುತ್ತೆ, ಅದನ್ನು ಸ್ಟಾಪ್ ಪಿನ್ ತಡೆಯುತ್ತೆ. ಆದರೆ ತುದಿಯಿಂದ ಚುಚ್ಚುವಾಗ, ದಪ್ಪ ರಬ್ಬರಿನಲ್ಲಿ ಸಿಕ್ಕಿಕೊಂಡ ಅಲಗನ್ನು ಮೇಲಕ್ಕೆ ಕೀಳುವಾಗ, ಬಲ ಮಡಚುವ ಕಡೆ ತಿರುಗುತ್ತೆ. ಪಿವಟ್‌ನಿಂದ 64 ಮಿ.ಮೀ. ದೂರದಲ್ಲಿ ಅಲಗಿನ ಬೆನ್ನಿನ ಮೇಲೆ 50 ನ್ಯೂಟನ್ ಬಿತ್ತು, ಲಾಕ್ ತಾಗುವ ಜಾಗ ಪಿವಟ್‌ನಿಂದ 8 ಮಿ.ಮೀ. ಅನ್ನಿ. ಲಿವರ್ ಲೆಕ್ಕದಲ್ಲಿ ಲಾಕ್ ಮೇಲೆ ಎಂಟು ಪಟ್ಟು, 400 ನ್ಯೂಟನ್! ಸುಮಾರು 40 ಕೆಜಿ ತೂಕವನ್ನು ಒಂದು ತೆಳು ಲೋಹದ ಪಟ್ಟಿ ಹೊರಬೇಕು.

ಎಷ್ಟೋ ಸಾದಾ ಚಾಕುಗಳಲ್ಲಿ ಲಾಕೇ ಇರಲ್ಲ, ಸ್ಪ್ರಿಂಗ್ ಮಾತ್ರ ಒತ್ತಿ ಹಿಡಿದಿರುತ್ತೆ. ಅಂಥದ್ದರಲ್ಲಿ ಚುಚ್ಚೋ ಕೆಲಸ ಬೇಡವೇ ಬೇಡ. ಫ್ರಾನ್ಸಿನ ಒಪಿನೆಲ್ ಚಾಕು ಶುರುವಾಗಿದ್ದು 1890ರಲ್ಲಿ, ಅದಕ್ಕೆ ತಿರುಗಿಸುವ ಲಾಕ್ ಉಂಗುರ ಬಂದಿದ್ದು 1955ರಲ್ಲಿ. ಬೆರಳು ಉಳಿಸುವ ಆ ಚಿಕ್ಕ ಉಂಗುರಕ್ಕೆ 65 ವರ್ಷ ಬೇಕಾಯ್ತು ನೋಡಿ.

ಇನ್ನು ಸುತ್ತಿಗೆ ಏಟು. ಅಲಗಿನ ಬೆನ್ನಿಗೆ ಹೊಡೆದರೆ ಆ ಹೊಡೆತ ಪಿವಟ್ ಪಿನ್‌ಗೆ, ಲಾಕ್‌ಗೆ ಹೋಗಿ ಬೀಳುತ್ತೆ. ಅಲಗು ಗಟ್ಟಿಯಾಗಿಯೇ ಇರುತ್ತೆ, ಕೀಲು ಅಲ್ಲಾಡೋಕೆ ಶುರುವಾಗುತ್ತೆ.

ಮೂರನೆಯದು: ಉಕ್ಕು

‘ಗಟ್ಟಿ ಉಕ್ಕು ತಗೊಂಡ್ರೆ ಆಯ್ತಲ್ಲ?’ ಅಂತ ಕೇಳಬಹುದು. ಡಿ-2 ಉಕ್ಕನ್ನೇ ನೋಡಿ. ನಮ್ಮ ಟೂಲ್‌ರೂಮ್‌ಗಳಲ್ಲಿ ಇದನ್ನು ಎಚ್‌ಸಿಎಚ್‌ಸಿಆರ್ ಅಂತಾರೆ, ಪಂಚ್ ಮತ್ತು ಡೈ ಮಾಡ್ತಾರೆ. ಕಾರ್ಬನ್ ಸುಮಾರು 1.5%, ಕ್ರೋಮಿಯಂ ಸುಮಾರು 12%. ಹರಿತ ಬಹಳ ಕಾಲ ನಿಲ್ಲುತ್ತೆ. ಆದರೆ ಮೀಟಿದರೆ, ಹೊಡೆದರೆ ಅಂಚು ಚಕ್ಕೆ ಏಳುತ್ತೆ. ಗಟ್ಟಿತನ ಬೇರೆ, ತಾಳುವ ಗುಣ ಬೇರೆ. ಹಾರ್ಡ್‌ನೆಸ್ ಮತ್ತು ಟಫ್‌ನೆಸ್ ಅಂತ ನಾವು ಪರೀಕ್ಷೆಗೆ ಉರು ಹೊಡೆಯೋ ವ್ಯತ್ಯಾಸ ಇದೇ.

ನಾಲ್ಕನೆಯದು: ಕಲ್ಲಿನ ಪುಡಿ

ಇದು ಜಿಗಣಿಗೇ ವಿಶೇಷವಾಗಿ ಹೊಂದುವ ಮಾತು. ಗ್ರಾನೈಟ್‌ನಲ್ಲಿ ಕ್ವಾರ್ಟ್ಜ್ ಇದೆ, ಮೋಸ್ ಅಳತೆಯಲ್ಲಿ ಅದು 7. ಚಾಕುವಿನ ಉಕ್ಕಿಗಿಂತ ಕ್ವಾರ್ಟ್ಜ್ ಗಟ್ಟಿ. ಹಾಗಾಗಿ ಕಲ್ಲಿನ ಕೆಸರು ಮೆತ್ತಿದ ಹಗ್ಗ ಕೊಯ್ದರೆ, ಹಗ್ಗವೇ ಅಲಗಿನ ಹರಿತವನ್ನು ತಿನ್ನುತ್ತೆ. ಅದೇ ಕೆಸರು ಕೀಲಿನೊಳಗೆ ಒಣಗಿದರೆ ಲಾಕ್ ಪೂರ್ತಿ ಕೂರಲ್ಲ. ‘ಟಿಕ್’ ಅಂತ ಸದ್ದು ಬಂದರೂ ಅರ್ಧಕ್ಕೇ ನಿಂತಿರಬಹುದು. ಮೇಲಿನ 40 ಕೆಜಿ ಬೀಳೋದು ಆ ಅರ್ಧದ ಮೇಲೆ.

ಹಾಗಾದ್ರೆ ಏನು ಮಾಡೋಣ?

ಇಂಡಸ್ಟ್ರಿಯಲ್ ವಿಸಿಟ್‌ಗೋ ಇಂಟರ್ನ್‌ಶಿಪ್‌ಗೋ ಹೋದಾಗ, ಇಲ್ಲವೇ ಹಾಸ್ಟೆಲ್‌ನಲ್ಲಿ ಪಾರ್ಸೆಲ್ ಬಿಚ್ಚುವಾಗ, ಇಷ್ಟು ನೆನಪಿಡೋಣ.

- ಮೀಟೋಕೆ ಹಾರೆ, ಸ್ಟೀಲ್ ಪಟ್ಟಿಗೆ ತಗಡು ಕತ್ತರಿ, ವೈರಿಗೆ ಸ್ಟ್ರಿಪ್ಪರ್. ಚಾಕು ಕೊಯ್ಯೋಕೆ ಮಾತ್ರ.
- ಒರಟು ಕೆಲಸದ ಚಾಕುಗೆ ಅಂಚಿನ ಕೋನ ಒಂದೊಂದು ಕಡೆ 20 ಡಿಗ್ರಿ ಹತ್ತಿರ ಇರಲಿ. 15ಕ್ಕೆ ಮಸೆದರೆ ಚೆನ್ನಾಗಿ ಕೊಯ್ಯುತ್ತೆ, ಬೇಗ ಚಕ್ಕೆ ಏಳುತ್ತೆ.
- ದಿನದ ಕೊನೆಗೆ ಕೀಲನ್ನು ನೀರಲ್ಲಿ ತೊಳೆದು, ಒಣಗಿಸಿ, ಒಂದು ಹನಿ ಎಣ್ಣೆ ಬಿಡಿ.
- ಕೆಲಸಕ್ಕೆ ಮುಂಚೆ ಅಲಗು ತೆರೆದು, ಬೆರಳುಗಳನ್ನು ಮಡಚುವ ದಾರಿಯಿಂದ ಆಚೆ ಇಟ್ಟು, ಅಲಗಿನ ಬೆನ್ನನ್ನು ಮೇಜಿಗೆ ಒತ್ತಿ ನೋಡಿ. ಸ್ವಲ್ಪ ಸರಿದರೂ ಆ ಚಾಕು ಪಕ್ಕಕ್ಕಿಡಿ.

ಕಾರ್ಖಾನೆಯಲ್ಲಿ ಯಾರಾದರೂ ಅಣ್ಣ ಚಾಕುವಿನಿಂದ ಪೆಟ್ಟಿಗೆ ಮೀಟ್ತಿದ್ರೆ ನಾವು ಪಾಠ ಹೇಳೋಕೆ ಹೋಗೋದು ಬೇಡ. ಅವರ ಕೈಗೆ ಎಟುಕುವ ಕಡೆ ಒಂದು ಚಿಕ್ಕ ಹಾರೆ ಇದೆಯಾ ಅಂತ ಮೊದಲು ನೋಡೋಣ. ಬಹಳ ಸಲ ಚಾಕು ಹಾರೆ ಆಗೋದು ಹಾರೆ ಹತ್ತಿರ ಇಲ್ಲದಿದ್ದಾಗ. ನಾಳೆ ನಾವು ಎಂಜಿನಿಯರ್‌ಗಳಾಗಿ ಅಲ್ಲಿಗೆ ಹೋದರೆ, ಅದನ್ನು ತಂದಿಡೋ ಕೆಲಸ ನಮ್ಮದೇ.