ಮುಂಬಯಿಯ ಕೆಥೆಡ್ರಲಿನಲ್ಲಿ ಕಪ್ತಾನ ಹಾರ್ಡಿಂಜನ ಸ್ಮಾರಕ

ತಂಬ್ರಹಳ್ಳಿಯ ಕಡೆಯಿಂದ ಕಾರ್ಯನಿಮಿತ್ತವಾಗಿಯೋ ಬಂಧುಗಳನ್ನು ಕಾಣಲೆಂದೋ ಮುಂಬಯಿಗೆ ಹೊರಡುವವರು ಅರ್ಧ ದಿನದ ಬಿಡುವು ಮಾಡಿಕೊಂಡು ಫೋರ್ಟ್ ಪ್ರದೇಶದ ಸೇಂಟ್ ಥಾಮಸ್ ಕೆಥೆಡ್ರಲನ್ನು ನೋಡಬೇಕೆಂದು ನನ್ನ ಬಿನ್ನಹ. ಹಗರಿಬೊಮ್ಮನಹಳ್ಳಿಯ ಮಾರ್ಗವಾಗಿ ಹೊಸಪೇಟೆಗೆ ಬಂದು, ಬಳ್ಳಾರಿಯ ಮೇಲೆ ಗುಂತಕಲ್ಲನ್ನು ಸೇರಿದರೆ ಬೆಂಗಳೂರಿನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಸಿಕ್ಕುತ್ತದೆ. ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನಲ್ಲಿಳಿದು ಹುತಾತ್ಮ ಚೌಕದವರೆಗೆ ನಡೆದು, ವೀರ ನರಿಮನ್ ರಸ್ತೆಯಲ್ಲಿ ಹಾರ್ನಿಮನ್ ಸರ್ಕಲ್ಲಿನ ಕಡೆಗೆ ತಿರುಗಿದರೆ ಕೆಥೆಡ್ರಲಿನ ಗೋಪುರ ಕಾಣುತ್ತದೆ.

1676ರಲ್ಲಿ ಗವರ್ನರ್ ಜೆರಾಲ್ಡ್ ಆಂಜಿಯರನ ಕಾಲದಲ್ಲಿ ಆರಂಭವಾಗಿ, ಬಹುಕಾಲ ಅಪೂರ್ಣವಾಗಿ ನಿಂತು, 1718ರ ಕ್ರಿಸ್ಮಸ್ ದಿನ ತೆರೆದ ಮಂದಿರವಿದು. ಇದಕ್ಕೆ ದಾರಿಯಾಗಿದ್ದ ಕೋಟೆಯ ಬಾಗಿಲಿನಿಂದಲೇ ಚರ್ಚ್‌ಗೇಟ್ ಎಂಬ ಹೆಸರು ಬಂದಿತು. ಒಳಗಿನ ಗೋಡೆಗಳ ಮೇಲೆ ಸ್ಮಾರಕಗಳು ಬಹಳ. ಎಲ್ಲವನ್ನೂ ನೋಡುವ ಆತುರ ಬೇಡ. ಕಪ್ತಾನ ಜಾರ್ಜ್ ನಿಕೊಲಸ್ ಹಾರ್ಡಿಂಜನ ಸ್ಮಾರಕವೊಂದರ ಎದುರಿನಲ್ಲಿ ಸಾವಕಾಶವಾಗಿ ನಿಂತರೆ ಸಾಕು. ನಮ್ಮೂರ ವೀರಗಲ್ಲನ್ನು ಕಥೆ ತಿಳಿದವನು ನೋಡುವ ಬಗೆಯೇ ಬೇರೆಯಾಗಿರುವಂತೆ, ಇದನ್ನೂ ಕಥೆ ತಿಳಿದೇ ನೋಡಬೇಕು.

1808ರ ಮಾರ್ಚಿನಲ್ಲಿ ಹಾರ್ಡಿಂಜನು ‘ಸ್ಯಾನ್ ಫಿಯೊರೆಂಜೊ’ ಎಂಬ ಬ್ರಿಟಿಷ್ ಯುದ್ಧನೌಕೆಯೊಡನೆ ಸಿಂಹಳದಿಂದ ಮುಂಬಯಿಗೆ ಬರುತ್ತಿದ್ದಾಗ, ಈಸ್ಟ್ ಇಂಡಿಯಾ ಕಂಪನಿಯ ಮೂರು ವಾಣಿಜ್ಯ ಹಡಗುಗಳನ್ನು ಬೆನ್ನಟ್ಟಿದ್ದ ‘ಪಿಯೆಮೊಂತೇಸ್’ ಎಂಬ ಫ್ರೆಂಚ್ ನೌಕೆಯು ಕನ್ಯಾಕುಮಾರಿಯ ಸಮೀಪದಲ್ಲಿ ಅವನ ಕಣ್ಣಿಗೆ ಬಿದ್ದಿತು. 6ರ ರಾತ್ರಿ ಸ್ವಲ್ಪ ಹೊತ್ತಿನ ಕಾಳಗ. ಮರುದಿನ ಬೆಳಗ್ಗೆ ದೀರ್ಘವಾದ ಹೋರಾಟ. ಹಾಯಿ ಹಗ್ಗಗಳು ಹರಿದುಹೋದುದರಿಂದ ಶತ್ರುವನ್ನು ಹಿಡಿಯಲಾರದೆ, ರಾತ್ರಿಯೆಲ್ಲ ಹಿಂಬಾಲಿಸುತ್ತಲೇ ಹಡಗನ್ನು ಸರಿಪಡಿಸಿಕೊಂಡು, 8ರ ಅಪರಾಹ್ನ ಮತ್ತೆ ಎದುರಾದರು. ಆರಂಭದಲ್ಲೇ ಗುಂಡೇಟಿನಿಂದ ಹಾರ್ಡಿಂಜನು ಮಡಿದನು; ಆಗ ಅವನಿಗೆ 26 ವರ್ಷ. ಲೆಫ್ಟಿನೆಂಟ್ ವಿಲಿಯಂ ಡಾಸನನು ಯುದ್ಧವನ್ನು ಮುಂದುವರಿಸಿ ಫ್ರೆಂಚರನ್ನು ಶರಣಾಗಿಸಿದನು. ಹಾರ್ಡಿಂಜನ ದೇಹವನ್ನು ಕೊಲಂಬೊದಲ್ಲಿ ಸಮಾಧಿ ಮಾಡಿದರು. ಲಂಡನಿನ ಸೇಂಟ್ ಪಾಲ್ ಕೆಥೆಡ್ರಲಿನಲ್ಲೂ ಅವನಿಗೊಂದು ಸ್ಮಾರಕವುಂಟು. ಮುಂದೆ ಗವರ್ನರ್ ಜನರಲ್ ಆದ ಹೆನ್ರಿ ಹಾರ್ಡಿಂಜನು ಇವನ ತಮ್ಮ.

ಸೋತ ನೌಕೆಯಲ್ಲಿ ಫ್ರೆಂಚರಲ್ಲದೆ ಸುಮಾರು 200 ಮಂದಿ ಖಲಾಸಿಗಳೂ ಇದ್ದರು. ಹಿಂದೆ ಸೆರೆಹಿಡಿದ ಹಡಗುಗಳಿಂದ ತಂದು ಹಾಯಿ ಎಳೆಯಲು ಹಚ್ಚಿದ್ದ ಆ ಜನರಿಗೆ ಎರಡು ಪಕ್ಷಗಳ ಜಗಳದಲ್ಲಿ ಏನು ಪಾಲು? ಹಾರ್ಡಿಂಜನ ಶೌರ್ಯವನ್ನು ಮನಸಾರ ಗೌರವಿಸುತ್ತಲೇ, ಆ ಸ್ಮಾರಕದ ಮುಂದೆ ಅವರನ್ನೂ ನೆನೆಯದೆ ಬರಬೇಡಿರೆಂದು ಕೇಳಿಕೊಳ್ಳುತ್ತೇನೆ.

ಬಿಡುವಿದ್ದರೆ ಇನ್ನೊಬ್ಬ ಬ್ರಿಟಿಷ್ ನೌಕಾಧಿಕಾರಿಯ ಸ್ಮಾರಕವನ್ನೂ ನೋಡಬಹುದು. 1815ರಲ್ಲಿ ನೆಪೋಲಿಯನ್ನನು ಯಾವನ ಹಡಗಿನಲ್ಲಿ ಶರಣಾದನೋ ಆ ಮೇಟ್ಲೆಂಡನು 1839ರಲ್ಲಿ ಮುಂಬಯಿಯ ಸಮೀಪದ ಕಡಲಿನಲ್ಲಿ ತೀರಿಕೊಂಡನು. ಅವನ ಸ್ಮಾರಕವೂ ಈ ಕೆಥೆಡ್ರಲಿನಲ್ಲೇ ಇದೆ.

ಭಾನುವಾರ ಆರಾಧನೆಯಿರುವುದರಿಂದ ವಾರದ ನಡುವಿನ ದಿನದ ಬೆಳಗು ಅನುಕೂಲ. ಪಾದರಕ್ಷೆ ಕಳಚಬೇಕಾಗಿಲ್ಲ, ಪುರುಷರು ಟೋಪಿ ತೆಗೆಯುವುದು ಅಲ್ಲಿಯ ಮರ್ಯಾದೆ. ಬರಹಗಳು ಇಂಗ್ಲಿಷಿನಲ್ಲಿರುವುದರಿಂದ, ಓದಿ ಹೇಳಬಲ್ಲ ಮನೆಯ ಹುಡುಗರನ್ನು ಜೊತೆಗೆ ಕರೆದೊಯ್ಯಿರಿ; ಛಾಯಾಚಿತ್ರ ತೆಗೆಯುವ ಮೊದಲು ಅಲ್ಲಿಯವರ ಅನುಮತಿ ಕೇಳಿರಿ.