ನಿರ್ವಾತದಲ್ಲಿ ಮಾನವ ದೇಹ

ರಕ್ಷಣೆಯ ಉಡುಪಿಲ್ಲದೆ ಅಂತರಿಕ್ಷದಲ್ಲಿ ಸಿಲುಕಿದವನ ದೇಹವು ಬಲೂನಿನಂತೆ ಒಡೆದುಹೋಗುವುದೆಂದೋ, ಕ್ಷಣಮಾತ್ರದಲ್ಲಿ ಮಂಜುಗಡ್ಡೆಯಾಗುವುದೆಂದೋ ಕಥೆಗಳಲ್ಲಿ ಓದುತ್ತೇವೆ. ಎರಡೂ ನಿಜವಲ್ಲ.

ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು 760 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ಒತ್ತಡವು ತಗ್ಗಿದಂತೆಲ್ಲ ನೀರಿನ ಕುದಿಬಿಂದುವೂ ಇಳಿಯುತ್ತದೆ. ಎತ್ತರದ ಪರ್ವತಗಳಲ್ಲಿ ಬೇಳೆ ಸುಲಭವಾಗಿ ಬೇಯದಿರುವುದು ಇದರಿಂದಲೇ. ಸುಮಾರು 19 ಕಿಲೋಮೀಟರ್ ಎತ್ತರದಲ್ಲಿ ಒತ್ತಡವು 47 ಮಿಲಿಮೀಟರಿಗೆ ಇಳಿದು, ನಮ್ಮ ಮೈಬಿಸಿಯಾದ 37 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ನೀರು ಕುದಿಯತೊಡಗುತ್ತದೆ. ಹಾಗಾದರೆ ಅಂತರಿಕ್ಷದಲ್ಲಿ ನಮ್ಮ ರಕ್ತವೂ ಕುದಿಯಬೇಡವೆ? ರಕ್ತನಾಳಗಳ ಗೋಡೆಗಳು ಒಳಗಿನ ಒತ್ತಡವನ್ನು ಕಾಯ್ದುಕೊಳ್ಳುವುದರಿಂದ ಅದು ಒಡನೆಯೇ ಕುದಿಯದು. ಆದರೆ ಮೃದುವಾದ ಅಂಗಾಂಶಗಳಲ್ಲಿನ ನೀರು ಆವಿಯಾಗಿ ಮೈ ಊದಿಕೊಳ್ಳುತ್ತದೆ. ಚರ್ಮವು ಗಟ್ಟಿಯಾದುದರಿಂದ ಒಡೆಯುವುದಿಲ್ಲ. 1960ರ ಆಗಸ್ಟ್ 16ರಂದು ಅಮೆರಿಕದ ಜೋಸೆಫ್ ಕಿಟಿಂಜರ್ ಬಲೂನಿನಲ್ಲಿ 31 ಕಿಲೋಮೀಟರ್ ಎತ್ತರಕ್ಕೇರಿದಾಗ, ಬಲಗೈಯ ಗವಸಿನಲ್ಲಿ ಒತ್ತಡ ನಿಲ್ಲದೆ ಕೈ ಊದಿ ಕೆಲಸಕ್ಕೆ ಬಾರದಾಯಿತು. ಕೆಳಗಿಳಿದ ಮೇಲೆ ಅದು ಮೊದಲಿನಂತಾಯಿತು.

ಇನ್ನು ಚಳಿಯ ಮಾತು. ಥರ್ಮಾಸ್ ಫ್ಲಾಸ್ಕಿನ ಎರಡು ಗೋಡೆಗಳ ನಡುವೆ ನಿರ್ವಾತವಿರುವುದನ್ನು ಬಲ್ಲವರಿಗೆ ಇದು ತಾನಾಗಿ ತಿಳಿಯುತ್ತದೆ. ಶಾಖವನ್ನು ಒಯ್ಯಲು ಗಾಳಿಯೇ ಇಲ್ಲದಿರುವಲ್ಲಿ ದೇಹವು ಬಹು ನಿಧಾನವಾಗಿ ತಣಿಯುತ್ತದೆ.

ನಿಜವಾದ ಗಂಡಾಂತರವಿರುವುದು ಶ್ವಾಸಕೋಶದಲ್ಲಿ. ಉಸಿರು ಬಿಗಿಹಿಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯುತ್ತದೆ. ಉಸಿರು ಬಿಟ್ಟರೂ ಉಳಿವಿಲ್ಲ: ಶ್ವಾಸಕೋಶಕ್ಕೆ ಬಂದ ರಕ್ತವು ಆಮ್ಲಜನಕವನ್ನು ಪಡೆಯುವುದಿರಲಿ, ಇದ್ದುದನ್ನೂ ನಿರ್ವಾತಕ್ಕೆ ಬಿಟ್ಟುಕೊಡುತ್ತದೆ. ಆ ಬರಿದಾದ ರಕ್ತವು ಮೆದುಳನ್ನು ಮುಟ್ಟಲು ಹತ್ತು ಸೆಕೆಂಡುಗಳು ಸಾಕು. 1966ರಲ್ಲಿ ಹ್ಯೂಸ್ಟನ್ನಿನ ನಿರ್ವಾತ ಕೋಣೆಯೊಂದರಲ್ಲಿ ಉಡುಪನ್ನು ಪರೀಕ್ಷಿಸುತ್ತಿದ್ದ ಜಿಮ್ ಲೆಬ್ಲಾಂಕ್ ಎಂಬವರ ಗಾಳಿಯ ಕೊಳವೆ ಕಳಚಿತು. ಸುಮಾರು 14 ಸೆಕೆಂಡುಗಳಲ್ಲಿ ಅವರು ಮೂರ್ಛೆಹೋದರು. ನಾಲಗೆಯ ಮೇಲಿನ ಜೊಲ್ಲು ಗುಳ್ಳೆಯೇಳುತ್ತಿದ್ದುದೇ ಅವರಿಗೆ ಉಳಿದ ಕೊನೆಯ ನೆನಪು. ಕೋಣೆಗೆ ಬೇಗನೆ ಗಾಳಿ ತುಂಬಿದುದರಿಂದ ಅವರು ಬದುಕಿಕೊಂಡರು.

ಸೋಯುಜ್ 11ರ ಯಾತ್ರಿಗಳಿಗೆ ಆ ಭಾಗ್ಯವಿರಲಿಲ್ಲ. 1971ರ ಜೂನ್ 30ರಂದು ದೊಬ್ರೊವೋಲ್ಸ್ಕಿ, ವೋಲ್ಕೊವ್, ಪಾತ್ಸಾಯೆವ್ ಭೂಮಿಗೆ ಮರಳುತ್ತಿದ್ದಾಗ, ನೌಕೆಯ ಭಾಗಗಳು ಬೇರ್ಪಟ್ಟ ಹೊತ್ತಿನಲ್ಲಿ, ಸುಮಾರು 168 ಕಿಲೋಮೀಟರ್ ಎತ್ತರದಲ್ಲಿ ಕವಾಟವೊಂದು ತೆರೆದುಕೊಂಡಿತು. ಇಕ್ಕಟ್ಟಾದ ಆ ಕೋಶದಲ್ಲಿ ಮೂವರೂ ಒತ್ತಡದ ಉಡುಪಿಲ್ಲದೆ ಕುಳಿತಿದ್ದರು. ಕವಾಟವನ್ನು ಕೈಯಿಂದ ಮುಚ್ಚಲು ಬೇಕಾದಷ್ಟು ಹೊತ್ತು ಎಚ್ಚರ ಉಳಿಯಲಿಲ್ಲ. ಕೋಶವು ಯಾವ ಪೆಟ್ಟೂ ಇಲ್ಲದೆ ನೆಲಕ್ಕಿಳಿಯಿತು. ಬಾಗಿಲು ತೆರೆದವರು ಕಂಡುದು ಜೀವವಿಲ್ಲದ ಮೂವರನ್ನು. ಅಲ್ಲಿಂದ ಮುಂದೆ ಸೋಯುಜ್ ಯಾತ್ರಿಗಳಿಗೆ ಏರುವಾಗಲೂ ಇಳಿಯುವಾಗಲೂ ಒತ್ತಡದ ಉಡುಪು ಕಡ್ಡಾಯವಾಯಿತು. ಉಡುಪಿಗೆ ಜಾಗ ಸಾಲದೆ, 1980ರಲ್ಲಿ ಸೋಯುಜ್ ಟಿ-3 ಹಾರುವವರೆಗೂ ಮೂವರಿಗೆ ಬದಲು ಇಬ್ಬರನ್ನೇ ಕಳುಹಿಸಬೇಕಾಯಿತು.