ನೋವಿಲ್ಲದ ಗಂಟು: ಸ್ತನ ಕ್ಯಾನ್ಸರ್ ಬಗ್ಗೆ ನಾವು ತಿಳಿದಿರಬೇಕಾದದ್ದು

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಮಾನವನ ಆರೋಗ್ಯ ಮತ್ತು ರೋಗಗಳ ಅಧ್ಯಾಯವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಮಲೇರಿಯಾ, ಟೈಫಾಯ್ಡ್ ಬಂದಾಗ ತರಗತಿಯಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಕ್ಯಾನ್ಸರ್ ಭಾಗಕ್ಕೆ ಬಂದು ಸ್ತನ ಕ್ಯಾನ್ಸರಿನ ಉದಾಹರಣೆ ಕೊಟ್ಟ ಕೂಡಲೇ ಎಲ್ಲರ ತಲೆ ಪುಸ್ತಕದೊಳಗೆ ಬಾಗುತ್ತದೆ. ಈ ಸಂಕೋಚ ತರಗತಿಯಲ್ಲಷ್ಟೇ ಉಳಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇದೇ ಸಂಕೋಚ ನಮ್ಮ ಮನೆಗಳಲ್ಲೂ ಇದೆ, ಅಲ್ಲಿ ಅದು ಜೀವಕ್ಕೇ ಎರವಾಗುತ್ತದೆ. ಆದ್ದರಿಂದ ವಿದ್ಯಾರ್ಥಿನಿಯರೂ ವಿದ್ಯಾರ್ಥಿಗಳೂ ಇದನ್ನು ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

ಕಾಯಿಲೆಯ ಪ್ರಮಾಣ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಇದೇ. ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಇದರಿಂದ ಮೃತಪಟ್ಟರು. ರೋಗ ಪತ್ತೆಯಾದ ಐದು ವರ್ಷಗಳ ನಂತರವೂ ಬದುಕಿರುವವರು ಶ್ರೀಮಂತ ದೇಶಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚು, ಭಾರತದಲ್ಲಿ ಸುಮಾರು 66. ಈ ಅಂತರಕ್ಕೆ ಚಿಕಿತ್ಸೆಯ ಕೊರತೆಯೂ ಕಾರಣ. ಆದರೆ ದೊಡ್ಡ ಕಾರಣವೆಂದರೆ ನಮ್ಮಲ್ಲಿ ಬಹಳಷ್ಟು ಮಹಿಳೆಯರು ರೋಗ ಬಲಿತ ಮೇಲೆಯೇ ವೈದ್ಯರ ಬಳಿಗೆ ಬರುವುದು.

ದುಪ್ಪಟ್ಟಿನ ಲೆಕ್ಕ

ತಡವಾದರೆ ಏನಾಗುತ್ತದೆ ಎಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯೋಣ. ಆರೋಗ್ಯವಂತ ಕೋಶವು ಪಕ್ಕದ ಕೋಶಗಳನ್ನು ತಾಗಿದಾಗ ವಿಭಜನೆ ನಿಲ್ಲಿಸುತ್ತದೆ ಎಂದು ನೀವು ಓದಿದ್ದೀರಿ. ಕ್ಯಾನ್ಸರ್ ಕೋಶ ಈ ಕಟ್ಟಳೆಯನ್ನು ಮೀರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತದೆ. ಒಂದು ಸೆಂಟಿಮೀಟರ್ ಅಗಲದ ಗಂಟಿನಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ ಎಂಬುದು ರೂಢಿಯಲ್ಲಿರುವ ಅಂದಾಜು. ಎರಡರ ಘಾತ 30 ಎಷ್ಟೆಂದು ಲೆಕ್ಕ ಹಾಕಿ: ಸುಮಾರು 107 ಕೋಟಿ. ಅಂದರೆ ಬೆರಳಿಗೆ ಸಿಗುವ ಹೊತ್ತಿಗೆ ಆ ಗಂಟು ಸುಮಾರು 30 ಬಾರಿ ದುಪ್ಪಟ್ಟಾಗಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿದಿರುತ್ತವೆ.

ಮುಂದಿನ ಲೆಕ್ಕ ಇನ್ನೂ ಮುಖ್ಯ. ಗಂಟಿನ ಅಗಲ ಒಂದರಿಂದ ಎರಡು ಸೆಂಟಿಮೀಟರ್ ಆದರೆ ಅದರ ಗಾತ್ರ ಎಂಟು ಪಟ್ಟಾಗುತ್ತದೆ. ಇದಕ್ಕೆ ಮೂರೇ ದುಪ್ಪಟ್ಟು ಸಾಕು. ಇನ್ನು ಮೂರಾದರೆ ನಾಲ್ಕು ಸೆಂಟಿಮೀಟರ್. ವೈದ್ಯರು ರೋಗದ ಹಂತವನ್ನು ಗುರುತಿಸುವಾಗ ಎರಡು ಸೆಂಟಿಮೀಟರಿನೊಳಗಿನ ಗಂಟನ್ನೂ ಅದಕ್ಕಿಂತ ದೊಡ್ಡದನ್ನೂ ಬೇರೆ ಬೇರೆಯಾಗಿ ಪರಿಗಣಿಸುತ್ತಾರೆ. ಗಂಟು ದೊಡ್ಡದಾದಷ್ಟೂ ಅದು ಕಂಕುಳಿನ ದುಗ್ಧ ಗ್ರಂಥಿಗಳಿಗೆ, ಅಲ್ಲಿಂದ ಮೂಳೆ, ಶ್ವಾಸಕೋಶ, ಯಕೃತ್ತಿಗೆ ಹರಡುವ ಸಂಭವ ಹೆಚ್ಚು. ಗಂಟು ಕೈಗೆ ಸಿಕ್ಕ ಮೇಲೆ ಸುಮ್ಮನೆ ಕಳೆಯುವ ತಿಂಗಳುಗಳು ಎಷ್ಟು ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ.

ನನ್ನ ಹತ್ತಿರದ ಬಂಧುವೊಬ್ಬರು ಹಾಗೆ ಎಂಟು ತಿಂಗಳು ಕಳೆದರು. ಗಂಟು ಇತ್ತು, ನೋವಿರಲಿಲ್ಲ. ನೋವಿಲ್ಲದ್ದು ಕಾಯಿಲೆ ಹೇಗಾದೀತು ಎಂದುಕೊಂಡರು. ಮಗಳ ಮದುವೆ ಮುಗಿಯಲಿ ಎಂದರು, ಆಮೇಲೆ ರಮಝಾನ್ ಕಳೆಯಲಿ ಎಂದರು. ಆಸ್ಪತ್ರೆಗೆ ಹೋದಾಗ ರೋಗ ಕಂಕುಳಿಗೂ ತಲುಪಿತ್ತು. ಇಡೀ ಸ್ತನವನ್ನು ತೆಗೆಯಬೇಕಾಯಿತು. ಕೀಮೋಥೆರಪಿ, ರೇಡಿಯೇಷನ್ ಎರಡೂ ಬೇಕಾದವು. ಇಂದು ಅವರು ನಮ್ಮೊಂದಿಗಿದ್ದಾರೆ, ಆದರೆ ಒಂದು ತೋಳಿನ ಊತ ಇಳಿದಿಲ್ಲ. ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಈ ಒಂದು ವಾಕ್ಯ ಅವರಿಗೆ ಗೊತ್ತಿದ್ದರೆ ಸಾಕಿತ್ತು.

ಯಾರಿಗೆ ಬರುತ್ತದೆ? ತಡೆಯಬಹುದೇ?

ಕೆಲವು ಕಾರಣಗಳು ನಮ್ಮ ಕೈಯಲ್ಲಿಲ್ಲ. ಹೆಣ್ಣಾಗಿರುವುದು ಮತ್ತು ವಯಸ್ಸಾಗುವುದು ಇವುಗಳಲ್ಲಿ ಮುಖ್ಯವಾದವು. 12 ವರ್ಷಕ್ಕೆ ಮೊದಲೇ ಮುಟ್ಟು ಆರಂಭವಾಗುವುದು, 55ರ ನಂತರ ನಿಲ್ಲುವುದು ಕೂಡ ಅಪಾಯವನ್ನು ಸ್ವಲ್ಪ ಹೆಚ್ಚಿಸುತ್ತವೆ. ತಳಿಶಾಸ್ತ್ರ ಓದುವವರು ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಎರಡು ಜೀನ್‌ಗಳ ಹೆಸರನ್ನು ನೆನಪಿಡಬೇಕು. ಮೊದಲನೆಯದು 17ನೇ ವರ್ಣತಂತುವಿನಲ್ಲಿ, ಎರಡನೆಯದು 13ನೇ ವರ್ಣತಂತುವಿನಲ್ಲಿದೆ. ಹಾನಿಗೊಂಡ ಡಿಎನ್‌ಎಯನ್ನು ದುರಸ್ತಿ ಮಾಡುವುದು ಇವುಗಳ ಕೆಲಸ. ಇವು ಕೆಟ್ಟರೆ ಸ್ತನ ಹಾಗೂ ಅಂಡಾಶಯದ ಕ್ಯಾನ್ಸರಿನ ಅಪಾಯ ಬಹಳ ಹೆಚ್ಚುತ್ತದೆ. ಇಂಥ ದೋಷ ತಾಯಿಯಿಂದಷ್ಟೇ ಅಲ್ಲ, ತಂದೆಯಿಂದಲೂ ಬರಬಹುದು. ಆದರೆ ಹೀಗೆ ವಂಶವಾಹಿಯಾಗಿ ಬರುವುದು 100ರಲ್ಲಿ 5ರಿಂದ 10 ಪ್ರಕರಣಗಳು ಮಾತ್ರ. 'ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ' ಎಂಬ ಧೈರ್ಯಕ್ಕೆ ಆಧಾರವಿಲ್ಲ.

ನಮ್ಮ ಕೈಯಲ್ಲಿರುವ ಸಂಗತಿಗಳೂ ಇವೆ. ಮುಟ್ಟು ನಿಂತ ಮೇಲಿನ ಬೊಜ್ಜು ಅಪಾಯವನ್ನು ಹೆಚ್ಚಿಸುತ್ತದೆ, ಮದ್ಯವೂ ಹೆಚ್ಚಿಸುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಅದನ್ನು ತಗ್ಗಿಸುತ್ತದೆ. ಎದೆಹಾಲುಣಿಸುವುದು ತಾಯಿಗೂ ರಕ್ಷಣೆ. 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಎದೆಹಾಲುಣಿಸಿದ ಪ್ರತಿ 12 ತಿಂಗಳಿಗೆ ಅಪಾಯ ಶೇ. 4.3ರಷ್ಟು ಕಡಿಮೆಯಾಗುತ್ತದೆ. ಆದರೂ ಇವೆಲ್ಲವನ್ನೂ ಪಾಲಿಸಿದವರಿಗೂ ಈ ರೋಗ ಬರಬಹುದು. ಆದ್ದರಿಂದ ತಡೆಗಟ್ಟುವಿಕೆಯ ಜೊತೆಗೆ ಬೇಗ ಪತ್ತೆ ಹಚ್ಚುವುದೂ ಬೇಕು.

ಇದು ಅಂಟುರೋಗವಲ್ಲ. ಪೆಟ್ಟು ಬಿದ್ದದ್ದರಿಂದ ಬರುವುದಿಲ್ಲ. ಯಾರ ಪಾಪದ ಫಲವೂ ಅಲ್ಲ. ಪುರುಷರಿಗೂ ಅಪರೂಪವಾಗಿ ಬರುತ್ತದೆ: ಒಟ್ಟು ಪ್ರಕರಣಗಳಲ್ಲಿ ಶೇ. 1ರಷ್ಟು ಅಥವಾ ಅದಕ್ಕಿಂತ ಕಡಿಮೆ.

ಗಮನಿಸಬೇಕಾದ ಲಕ್ಷಣಗಳು

1. ಸ್ತನದಲ್ಲಿ ಅಥವಾ ಕಂಕುಳಿನಲ್ಲಿ ಗಂಟು, ಇಲ್ಲವೇ ಒಂದು ಭಾಗ ದಪ್ಪಗಾಗುವುದು.
2. ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಗುಳಿ ಬೀಳುವುದು, ಕೆಂಪಾಗುವುದು.
3. ಮೊದಲು ಸರಿಯಿದ್ದ ತೊಟ್ಟು ಒಳಕ್ಕೆ ಸೇದಿಕೊಳ್ಳುವುದು, ತೊಟ್ಟಿನ ಸುತ್ತ ಮಾಯದ ಹುಣ್ಣು.
4. ತೊಟ್ಟಿನಿಂದ ರಕ್ತ ಅಥವಾ ತಾನಾಗಿಯೇ ಸ್ರಾವ.
5. ಒಂದು ಸ್ತನದ ಆಕಾರ ಅಥವಾ ಗಾತ್ರದಲ್ಲಿ ಹೊಸ ಬದಲಾವಣೆ.

ವಿದ್ಯಾರ್ಥಿನಿಯರು ಇದನ್ನು ಓದಿ ಗಾಬರಿಪಡಬಾರದು. ನಿಮ್ಮ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ತೀರಾ ಅಪರೂಪ. ಹರೆಯದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಫೈಬ್ರೊಅಡಿನೋಮ ಎಂಬ ನಿರಪಾಯಕಾರಿ ಗಡ್ಡೆಗಳು. ಮುಟ್ಟಿಗೆ ಮೊದಲು ನೋವು, ಗಂಟುಗಂಟಾದ ಅನುಭವವೂ ಸಹಜ. ಆದರೂ ಗಂಟು ಕಂಡರೆ ಮನೆಯಲ್ಲಿ ಹೇಳಿ, ವೈದ್ಯರಿಗೆ ತೋರಿಸಿ.

ಪತ್ತೆ ಹೇಗೆ?

ಸ್ವಯಂ ಪರೀಕ್ಷೆಯೊಂದೇ ಸಾಕೇ ಎಂದು ಕೆಲವರು ಕೇಳುತ್ತಾರೆ. ಚೀನಾದ ಶಾಂಘೈ ನಗರದ ಬಟ್ಟೆ ಗಿರಣಿಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ಮಹಿಳಾ ಕಾರ್ಮಿಕರ ಮೇಲೆ ನಡೆದ ಅಧ್ಯಯನದಲ್ಲಿ, ಸ್ವಯಂ ಪರೀಕ್ಷೆ ಕಲಿಸಿದ್ದರಿಂದ ಮಾತ್ರ ಸಾವುಗಳು ಕಡಿಮೆಯಾಗಲಿಲ್ಲ. ಹಾಗೆಂದು ಸುಮ್ಮನಿರಬೇಕು ಎಂದಲ್ಲ. ನಮ್ಮ ದೇಹದಲ್ಲಿ ಸಹಜವಾದದ್ದು ಯಾವುದು ಎಂದು ನಮಗೆ ಗೊತ್ತಿರಬೇಕು, ಬದಲಾವಣೆ ಕಂಡರೆ ತಡಮಾಡದೆ ತೋರಿಸಬೇಕು. ಮುಟ್ಟು ಮುಗಿದು ಮೂರು ನಾಲ್ಕು ದಿನಗಳಾದ ಮೇಲೆ ನೋಡಿಕೊಳ್ಳುವುದು ಒಳ್ಳೆಯದು, ಆಗ ಸ್ತನ ಮೃದುವಾಗಿರುತ್ತದೆ.

ಇನ್ನೊಂದು ಅಧ್ಯಯನ ನಮ್ಮ ದೇಶದ್ದೇ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ಆರಂಭಿಸಿದರು. ಅರ್ಧದಷ್ಟು ಮಂದಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಸ್ತನ ಪರೀಕ್ಷೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೊಳಗಾದವರಲ್ಲಿ ರೋಗ ಮೊದಲಿನ ಹಂತಗಳಲ್ಲೇ ಹೆಚ್ಚಾಗಿ ಪತ್ತೆಯಾಯಿತು. 50 ವರ್ಷ ಮೀರಿದವರಲ್ಲಿ ಸಾವು ಸುಮಾರು ಶೇ. 30ರಷ್ಟು ಕಡಿಮೆಯಾಯಿತು. ದುಬಾರಿ ಯಂತ್ರವಿಲ್ಲದೆಯೂ ಜೀವ ಉಳಿಸಬಹುದೆಂದು ಇದರಿಂದ ಸಿದ್ಧವಾಯಿತು.

ಸರ್ಕಾರದ ಕಾರ್ಯಕ್ರಮದಡಿ 30 ವರ್ಷ ದಾಟಿದ ಮಹಿಳೆಯರಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆಗೆ ಅವಕಾಶವಿದೆ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಮಾಹಿತಿ ಸಿಗುತ್ತದೆ. ಮ್ಯಾಮೊಗ್ರಫಿ ಎಂಬುದು ಕಡಿಮೆ ಪ್ರಮಾಣದ ಎಕ್ಸ್-ರೇ. ಕೈಗೆ ಸಿಗದಷ್ಟು ಚಿಕ್ಕ ಗಡ್ಡೆಯನ್ನೂ ಅದು ತೋರಿಸಬಲ್ಲದು. ಯಾವ ವಯಸ್ಸಿನಿಂದ ಮಾಡಿಸಬೇಕೆಂದು 40 ದಾಟಿದವರು ವೈದ್ಯರನ್ನು ಕೇಳಬೇಕು. ತಾಯಿಗೋ ಅಕ್ಕನಿಗೋ ಈ ರೋಗ ಬಂದಿದ್ದರೆ ಇನ್ನೂ ಮೊದಲೇ ಕೇಳಬೇಕು.

ಗಂಟು ಸಿಕ್ಕಿದರೆ ವೈದ್ಯರು ಮೂರು ಹೆಜ್ಜೆ ಇಡುತ್ತಾರೆ: ಕೈಯಿಂದ ಪರೀಕ್ಷೆ, ಮ್ಯಾಮೊಗ್ರಫಿ ಅಥವಾ ಅಲ್ಟ್ರಾಸೌಂಡ್, ಸೂಜಿಯಿಂದ ಚೂರು ತೆಗೆದು ಬಯಾಪ್ಸಿ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು ತಪ್ಪು ನಂಬಿಕೆ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧ ಎಂದು ತೀರ್ಮಾನಿಸಲು ಆಗುವುದಿಲ್ಲ. ಬೇಗ ಪತ್ತೆಯಾದರೆ ಅನೇಕರಿಗೆ ಗಡ್ಡೆಯನ್ನಷ್ಟೇ ತೆಗೆದು ಸ್ತನವನ್ನು ಉಳಿಸಲು ಸಾಧ್ಯ.

ನಾವು ಮಾಡಬೇಕಾದದ್ದು

ಲಜ್ಜೆ ಒಳ್ಳೆಯ ಗುಣ, ಅದನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಮಹಿಳಾ ವೈದ್ಯರೇ ಬೇಕೆಂದು ಕೇಳಿಕೊಳ್ಳಬಹುದು. ಪುರುಷ ವೈದ್ಯರು ನೋಡುವಾಗ ಮಹಿಳೆಯೊಬ್ಬರು ಜೊತೆಗಿರಬೇಕೆಂಬುದು ರೋಗಿಗಳ ಹಕ್ಕುಗಳ ಪಟ್ಟಿಯಲ್ಲೇ ಇದೆ. ಖರ್ಚಿನ ಭಯವಿದ್ದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ ಸರ್ಕಾರಿ ಚಿಕಿತ್ಸೆ ಲಭ್ಯವಿದೆ.

ಉಮ್ಮ, ಅಮ್ಮಿ, ಅವ್ವ, ನೀವು ಹೇಗೆ ಕರೆದರೂ ಮನೆಯಲ್ಲಿ ಎಲ್ಲರ ಕಾಯಿಲೆಯನ್ನೂ ನೋಡಿಕೊಂಡು ತನ್ನದನ್ನು ಕೊನೆಗಿಡುವವರು ಅವರೇ. ಹೆಣ್ಣುಮಕ್ಕಳು ಈ ಲೇಖನವನ್ನು ಅವರಿಗೆ ಓದಿ ಹೇಳಿ. ಗಂಡುಮಕ್ಕಳು 'ಆಸ್ಪತ್ರೆಗೆ ಯಾವಾಗ ಹೋಗೋಣ? ನಾನು ಕರೆದುಕೊಂಡು ಹೋಗುತ್ತೇನೆ' ಎಂದಷ್ಟು ಹೇಳಿದರೂ ದೊಡ್ಡ ಉಪಕಾರ. ಈ ವಾರ ಮನೆಯಲ್ಲಿ 30 ದಾಟಿದ ಒಬ್ಬ ಮಹಿಳೆಯನ್ನಾದರೂ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ ಕಳುಹಿಸಿ.